ಉಯಿಲಿಗೆ ಸಾಕ್ಷಿ ಹಾಕಿದ್ದೆ, ಈಗ ಕೋರ್ಟಿನಿಂದ ಸಮನ್ಸ್ ಬಂದಿದೆ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ, ವಯಸ್ಸು 71, ಹಾಸನ ಜಿಲ್ಲೆಯವನು. 2012ರಲ್ಲಿ ನೆರೆಮನೆಯ ಹಿರಿಯರು ಉಯಿಲು ಬರೆಸಿದಾಗ ಸಾಕ್ಷಿಯಾಗಿ ಸಹಿ ಹಾಕಿದ್ದೆ. ಅವರು ತೀರಿಕೊಂಡ ಮೇಲೆ ಮಕ್ಕಳು ಪಾಲಿಗಾಗಿ ಕೋರ್ಟಿಗೆ ಹೋಗಿದ್ದಾರೆ. ಇನ್ನೊಬ್ಬ ಸಾಕ್ಷಿ ಈಗಿಲ್ಲ. ನನಗೆ ಸಮನ್ಸ್ ಬಂದಿದೆ, ಹಿರಿಯ ಮಗನ ವಕೀಲರು ಅಫಿಡವಿಟ್ಟನ್ನೂ ತಯಾರಿಸಿ ಕಳುಹಿಸಿದ್ದಾರೆ. ಉಯಿಲನ್ನು ಎಲ್ಲರಿಗೂ ಓದಿ ಹೇಳಿದರು, ಸಾಕ್ಷಿಗಳಿಬ್ಬರೂ ಒಟ್ಟಿಗೆ ಸಹಿ ಮಾಡಿದರು ಎಂದು ಅದರಲ್ಲಿದೆ. ಓದಿದ ನೆನಪು ನನಗಿಲ್ಲ. ಹಿರಿಯರು ನನ್ನೆದುರಿಗೇ ಸಹಿ ಹಾಕಿದರು, ನಂತರ ನಾನು ಹಾಕಿದೆ. ಇನ್ನೊಬ್ಬರು ಬಂದದ್ದು ಅರ್ಧ ಗಂಟೆ ಬಿಟ್ಟು. ‘ಇದು ನನ್ನದೇ ಸಹಿ, ನೀನೂ ಹಾಕು’ ಎಂದು ಹಿರಿಯರು ಅವರಿಂದ ಹಾಕಿಸಿದರು. ನಾನು ಕಾಫಿ ಕುಡಿಯುತ್ತಾ ಅಲ್ಲೇ ಕುಳಿತಿದ್ದೆ. ಇದ್ದದ್ದನ್ನು ಇದ್ದಂತೆ ಹೇಳಿದರೆ ಉಯಿಲು ಬಿದ್ದುಹೋಗುತ್ತದೆಯೇ? ಕೋರ್ಟಿನ ಮೆಟ್ಟಿಲು ಹತ್ತಿದವನೇ ಅಲ್ಲ ನಾನು. ಹೋಗದಿದ್ದರೆ ನಡೆಯುವುದಿಲ್ಲವೇ?

ಉತ್ತರ: ನಡೆಯುವುದಿಲ್ಲ, ಮೇಷ್ಟ್ರೇ. ಸಾಕ್ಷಿ ಸಹಿ ಇರುವವರಲ್ಲಿ ಬದುಕಿರುವ ಒಬ್ಬರನ್ನಾದರೂ ವಿಚಾರಿಸದೆ ನ್ಯಾಯಾಲಯ ಉಯಿಲನ್ನು ಪುರಾವೆಯಾಗಿ ಒಪ್ಪುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 68ನೇ ಕಲಂ ಆಗಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 67. ಸಂಖ್ಯೆ ಬದಲಾಯಿತು, ಮಾತು ಅದೇ. ಉಳಿದಿರುವ ಸಾಕ್ಷಿ ನೀವೊಬ್ಬರೇ. ಸಮನ್ಸ್ ತಲುಪಿದ ಮೇಲೂ ತಪ್ಪಿಸಿಕೊಂಡರೆ ವಾರಂಟ್, ದಂಡ ಎಲ್ಲಕ್ಕೂ ದಾರಿಯಿದೆ. ಹಾಸಿಗೆ ಹಿಡಿದಿದ್ದರೆ ಮಾತು ಬೇರೆ. ಆಗ ಕಮಿಷನರ್, ಅಂದರೆ ನ್ಯಾಯಾಲಯವೇ ಈ ಕೆಲಸಕ್ಕೆ ನೇಮಿಸಿದವರು, ಮನೆಗೇ ಬಂದು ಸಾಕ್ಷ್ಯ ಬರೆದುಕೊಳ್ಳುವಂತೆ ನ್ಯಾಯಾಲಯ ಆದೇಶಿಸಬಹುದು.

ಇನ್ನು ನಿಮ್ಮ ನಿಜವಾದ ಚಿಂತೆ. ಆ ಅಫಿಡವಿಟ್ಟಿಗೆ ಈಗಿರುವಂತೆ ಸಹಿ ಹಾಕಬೇಡಿ. ತಿದ್ದಿ ಕೊಡಿ ಎಂದು ವಕೀಲರಿಗೆ ಹೇಳಿ. ಅವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ಅಫಿಡವಿಟ್ಟೂ ಪ್ರಮಾಣ ಮಾಡಿ ಹೇಳಿದ ಮಾತೇ. ನ್ಯಾಯಾಲಯದ ಕಲಾಪದಲ್ಲಿ ಗೊತ್ತಿದ್ದೂ ಸುಳ್ಳು ಸಾಕ್ಷ್ಯ ನುಡಿದರೆ ಏಳು ವರ್ಷದವರೆಗೆ ಸಜೆಗೆ ಅವಕಾಶವಿದೆ.

ತಮಾಷೆಯೆಂದರೆ, ಆ ಎರಡು ಸುಳ್ಳುಗಳ ಅಗತ್ಯವೇ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮನ್ನು ನೋಡಿ. ಉಯಿಲು ಬರೆದವರು ಸಹಿ ಹಾಕುವುದನ್ನು ಸಾಕ್ಷಿ ಕಂಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ಅವರೇ ಹೇಳಿದ್ದನ್ನು ಕೇಳಿರಬೇಕು; ಸಾಕ್ಷಿಯೂ ಅವರೆದುರಿನಲ್ಲೇ ಸಹಿ ಹಾಕಿರಬೇಕು. ಇಬ್ಬರೂ ಸಾಕ್ಷಿಗಳು ಏಕಕಾಲದಲ್ಲಿ ಅಲ್ಲಿರಬೇಕೆಂದು ಕಾನೂನು ಕೇಳುವುದಿಲ್ಲ. ಒಳಗೆ ಏನು ಬರೆದಿದೆ ಎಂದು ಸಾಕ್ಷಿಗೆ ಗೊತ್ತಿರಬೇಕೆಂದೂ ಇಲ್ಲ. ನೀವು ಕಂಡದ್ದು ಒಂದು ಬಗೆ, ಆ ಇನ್ನೊಬ್ಬರು ಕೇಳಿದ್ದು ಎರಡನೆಯ ಬಗೆ. ಅವರ ಸಹಿಯ ಬಗ್ಗೆಯೂ ಹೇಳಬೇಕಾದವರು ಈಗ ನೀವೇ, ಹಾಗಾಗಿ ನೀವು ಕಾಫಿಗೆ ಕುಳಿತದ್ದು ಒಳ್ಳೆಯದೇ ಆಯಿತು. ಯಾರೋ ಜಾಣತನದಿಂದ ಸೇರಿಸಿದ ‘ಒಟ್ಟಿಗೆ’ ಎಂಬ ಒಂದು ಪದ ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ಪ್ರಶ್ನೆ ಕೇಳುವಾಗ, ಸಡಿಲವಾದರೆ, ನೀವು ನಿಜವಾಗಿ ಕಂಡದ್ದನ್ನೂ ನ್ಯಾಯಾಧೀಶರು ನಂಬದೆ ಹೋಗಬಹುದು.

ಈಗ ಒಂದು ಸಂಜೆ ಕುಳಿತು ಆ ದಿನವನ್ನು ನೆನಪಿಸಿಕೊಳ್ಳಿ. ಪಡಸಾಲೆಯೋ ಜಗಲಿಯೋ, ಯಾರು ಕರೆಯಲು ಬಂದಿದ್ದರು, ಹಿರಿಯರು ತಾವಾಗಿ ಎದ್ದು ಓಡಾಡುತ್ತಿದ್ದರೇ, ಮಾತು ಸ್ಪಷ್ಟವಾಗಿತ್ತೇ. ಅವರ ಮನಃಸ್ಥಿತಿಯ ಬಗ್ಗೆ ಖಂಡಿತ ಕೇಳುತ್ತಾರೆ. ಪೆನ್ನಿನ ಬಣ್ಣ ನೆನಪಿಲ್ಲದಿದ್ದರೆ ಕಲ್ಪಿಸಿಕೊಳ್ಳಬೇಡಿ. ‘ನೆನಪಿಲ್ಲ’ ಎಂದರೆ ಒಮ್ಮೆ ಗೊತ್ತಿತ್ತು, ಈಗ ಮರೆತಿದೆ ಎಂದು. ‘ಗೊತ್ತಿಲ್ಲ’ ಎಂದರೆ ಯಾವತ್ತೂ ತಿಳಿದಿರಲಿಲ್ಲ ಎಂದು. ಮಕ್ಕಳಿಗೆ ವ್ಯಾಕರಣ ಕಲಿಸಿದವರು ನೀವು, ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಲಾರಿರಿ.

ಪಾಟೀ ಸವಾಲಿನ ಪ್ರಶ್ನೆಗಳ ವರಸೆಯೇ ಬೇರೆ. ‘ಹಿರಿಯರು ಸಹಿ ಹಾಕುವುದನ್ನು ನೀವು ನೋಡಿಲ್ಲ ಎಂದರೆ ಸರಿ ತಾನೇ?’ ಎನ್ನುತ್ತಾರೆ. ನೋಡಿದ್ದೇನೆ ಎಂಬ ಭರದಲ್ಲಿ ‘ಹೌದು ಸ್ವಾಮಿ’ ಎಂದಿರೋ, ನೋಡಿಲ್ಲ ಎಂಬುದನ್ನು ಒಪ್ಪಿದ ಹಾಗಾಯಿತು. ‘ಇಲ್ಲ’ ಎಂದರೂ ಗೊಂದಲವೇ. ಇಂಥ ಪ್ರಶ್ನೆಗೆ ಹೌದು, ಇಲ್ಲಗಳನ್ನು ಬಿಟ್ಟು ಪೂರ್ತಿ ವಾಕ್ಯದಲ್ಲಿ ಉತ್ತರಿಸಿ: ‘ಅದು ಸರಿಯಲ್ಲ, ನಾನು ನೋಡಿದ್ದೇನೆ.’ ಕೇಳಿದಷ್ಟಕ್ಕೆ ಉತ್ತರಿಸಿ ನಿಲ್ಲಿಸಿ. ಎದುರಿನ ವಕೀಲರು ಸುಮ್ಮನೆ ನಿಂತು ನಿಮ್ಮನ್ನೇ ನೋಡಿದರೆ ಆ ಮೌನವನ್ನು ತುಂಬುವ ಕೆಲಸ ನಿಮ್ಮದಲ್ಲ. ಪಾಠ ಮಾಡಿ ರೂಢಿಯಾದವರಿಗೆ ಇದು ಕಷ್ಟ. ಪ್ರಾಧ್ಯಾಪಕರೊಬ್ಬರು ಒಂದು ಪ್ರಶ್ನೆಗೆ ಹತ್ತು ನಿಮಿಷ ವಿವರಣೆ ಕೊಟ್ಟು, ಎದುರಾಳಿಗೆ ಇನ್ನೂ ಇಪ್ಪತ್ತು ಪ್ರಶ್ನೆ ಒದಗಿಸಿದ್ದನ್ನು ನಾನೇ ಕಂಡಿದ್ದೇನೆ.

‘ಸಾಕ್ಷಿ ಹೇಳುವ ಮೊದಲು ವಕೀಲರ ಹತ್ತಿರ ಮಾತಾಡಿದ್ದೀರಾ?’ ಎಂದೂ ಕೇಳಬಹುದು. ಇಲ್ಲಿ ಒಳ್ಳೆಯವರೇ ಹೆಚ್ಚಾಗಿ ಎಡವುತ್ತಾರೆ, ಅದೇನೋ ಅಪರಾಧವೆಂದುಕೊಂಡು ‘ಇಲ್ಲ’ ಎಂದುಬಿಡುತ್ತಾರೆ. ಮಾತಾಡಿದ್ದು ತಪ್ಪಲ್ಲ, ಹೌದು ಎನ್ನಿ. ಆದರೆ ಹಿರಿಯ ಮಗನ ಕಾರಿನಲ್ಲಿ ಮಾತ್ರ ಹೋಗಬೇಡಿ. ‘ಇವತ್ತು ಯಾರ ಜೊತೆ ಬಂದಿರಿ?’ ಎಂಬ ಪ್ರಶ್ನೆಗೆ ‘ಬಸ್ಸಿನಲ್ಲಿ’ ಎಂಬುದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಸಾಕ್ಷಿಯ ಬತ್ತೆಯನ್ನು ಕರೆಸಿದವರು ನ್ಯಾಯಾಲಯದಲ್ಲೇ ಕಟ್ಟಬೇಕು, ಅದು ನಿಮಗೆ ಸಲ್ಲಬೇಕಾದದ್ದು. ಸಂಕೋಚವಿಲ್ಲದೆ ಕೇಳಿ ಪಡೆಯಿರಿ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಗೆದ ಪಂಚೆ, ಶರ್ಟು ಸಾಕು. ನ್ಯಾಯಾಧೀಶರನ್ನು ‘ಸ್ವಾಮಿ’ ಎನ್ನಿ, ‘ಸರ್’ ಎಂದರೂ ನಡೆಯುತ್ತದೆ. ಸ್ವಂತ ವಕೀಲರನ್ನು ಇಟ್ಟುಕೊಳ್ಳುವ ಅಗತ್ಯವಿಲ್ಲ. ಸಮನ್ಸ್, ಆಧಾರ್, ಮಾತ್ರೆ, ನೀರು ಜೊತೆಗಿರಲಿ. ಓದುವ ಕನ್ನಡಕವನ್ನಂತೂ ಮರೆಯಲೇಬೇಡಿ, ನಿಮ್ಮದೇ ಸಹಿಯನ್ನು ತೋರಿಸಿ ಗುರುತಿಸಲು ಹೇಳುತ್ತಾರೆ. ಬೆಳಿಗ್ಗೆ ಕಲಾಪ ಶುರುವಾಗುವ ಮೊದಲೇ ಹೋಗಿ ವಕೀಲರಿಗೆ ಮುಖ ತೋರಿಸಿ, ಹೆಸರು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿರಿ. ಸಂಜೆಯವರೆಗೂ ಕಾದು ‘ಮುಂದಿನ ವಾಯಿದೆಗೆ ಬನ್ನಿ’ ಎನ್ನಿಸಿಕೊಳ್ಳುವುದಕ್ಕೂ ಸಿದ್ಧರಾಗಿರಿ. ಆ ವಾಯಿದೆ ಯಾವಾಗ ಎಂಬುದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಸಿಗುತ್ತದೆ. ಕಟಕಟೆಯಲ್ಲಿ ಮಂಡಿ ನೋವು ಬಂದರೆ ಕುರ್ಚಿ ಕೇಳಿ, ಈ ವಯಸ್ಸಿನವರಿಗೆ ಇಲ್ಲವೆನ್ನುವ ನ್ಯಾಯಾಧೀಶರನ್ನು ನಾನಂತೂ ಕಂಡಿಲ್ಲ.

ಕೊನೆಯದಾಗಿ, ನೀವಾಡಿದ ಮಾತು ಹಾಗೇ ದಾಖಲಾಗುವುದಿಲ್ಲ. ನ್ಯಾಯಾಧೀಶರು ಅದನ್ನು ತಮ್ಮ ಮಾತಿನಲ್ಲಿ ಬೆರಳಚ್ಚುಗಾರರಿಗೆ ಹೇಳುತ್ತಾರೆ. ಕಿವಿಗೊಟ್ಟು ಕೇಳಿ. ಹಾಳೆಯ ಕೊನೆಯಲ್ಲಿ ‘ಓ.ಹೇ.ಕೇ. ಸರಿ ಇದೆ’ ಎಂದಿರುತ್ತದೆ, ಓದಿ ಹೇಳಿದ್ದನ್ನು ಕೇಳಿದೆ, ಸರಿ ಇದೆ ಎಂದರ್ಥ. ಅದರ ಕೆಳಗೆ ಸಹಿ ಮಾಡುವ ಮೊದಲು ಕನ್ನಡಕ ಹಾಕಿಕೊಂಡು ಪ್ರತಿ ಪುಟವನ್ನೂ ಓದಿ. ‘ನೋಡಿದೆ’ ಎಂಬಲ್ಲಿ ‘ನೋಡಿಲ್ಲ’ ಎಂದಾಗಿದ್ದರೆ ಅಲ್ಲೇ, ಆಗಲೇ ಹೇಳಿ. ಹೊರಗೆ ಬಂದ ಮೇಲೆ ಅದನ್ನು ತಿದ್ದಿಸುವುದು ಬಹಳ ಕಷ್ಟ.