ಆನೆ ಬೆನ್ನು ಹಾಕಿ ನಿಂತ್ರೆ ಟಿಕೆಟ್ ದುಡ್ಡು ವೇಸ್ಟಾ?

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಉದ್ದ ಇದೆ, ಪೂರ್ತಿ ಹಾಕೋಕೆ ಜಾಗ ಇಲ್ಲ, ಅದಕ್ಕೆ ಉಳಿದ ಓದುಗರಿಗೋಸ್ಕರ ವಿಷಯ ಇಷ್ಟು ಅಂತ ಹೇಳ್ಬಿಡ್ತೀನಿ. ದಾವಣಗೆರೆಯ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು ಇವರು, ಈಗ ಓಹಾಯೋದಲ್ಲಿ ಮಗಳ ಮನೇಲಿದ್ದಾರೆ, ಮೊಮ್ಮಕ್ಕಳನ್ನ ಕರ್ಕೊಂಡು ಸಿನ್ಸಿನಾಟಿ ಝೂಗೆ ಹೋದ್ರು, ಹೊಸದಾಗಿ ಕಟ್ಟಿರೋ ಎಲಿಫೆಂಟ್ ಟ್ರೆಕ್ ಅನ್ನೋ ಆನೆಗಳ ಆವರಣ ನೋಡ್ಬೇಕು ಅಂತಾನೇ. ಹೋದ್ರೆ ಆನೆಗಳು ದೂರದಲ್ಲಿ ನೆರಳಲ್ಲಿ ಬೆನ್ನು ಹಾಕಿ ನಿಂತಿದ್ವಂತೆ, ಅರ್ಧ ಗಂಟೆ ಕಾದ್ರೂ ತಿರುಗಲಿಲ್ಲ. "ಮೈಸೂರಲ್ಲಿ ಆನೆ ಎದುರಿಗೇ ನಿಂತಿರುತ್ತೆ, ಇಲ್ಲಿ ಕೋಟಿಗಟ್ಟಲೆ ಡಾಲರ್ ಸುರಿದು ಪ್ರಾಣಿ ಕಾಣದ ಹಾಗೆ ಕಟ್ಟಿದ್ದಾರೆ, ಇದೆಂಥಾ ಹೊಸದು?" ಅನ್ನೋದು ಅವರ ದೂರು. ಜೊತೆಗೆ, ಆನೆಗಳಿಗೆ ಸಂಜಯ, ಕಬೀರ, ಅಶೋಕ ಅಂತೆಲ್ಲ ಹೆಸರಿದೆ, ನಮ್ಮ ದೇಶದಿಂದ ತಂದಿದ್ದಾ ಅಂತ ಒಂದು ಪ್ರಶ್ನೆ, ಪಾಂಡಾ ನೋಡೋಕೆ ವಾಷಿಂಗ್ಟನ್ ತನಕ ಹೋಗ್ಬೇಕಾ ಅಂತ ಇನ್ನೊಂದು.

ಮೊದಲು ಹೆಸರಿನ ವಿಚಾರ ಮುಗಿಸ್ತೀನಿ. ಸಂಜಯ, ಕಬೀರ, ಅಶೋಕ, ಕವಿ, ಈ ನಾಲ್ಕೂ ಗಂಡಾನೆಗಳು ಬಂದಿದ್ದು ಐರ್ಲೆಂಡಿನ ಡಬ್ಲಿನ್ ಝೂನಿಂದ, 2023ರಲ್ಲಿ. ಜಾತಿ ಏಷ್ಯಾದ್ದು, ಹುಟ್ಟಿದ್ದು ಯುರೋಪಲ್ಲಿ, ಈಗ ಅಮೆರಿಕ. ನಮ್ಮ ಟೆಕ್ಕಿ ಮನೆಗಳ ಮಕ್ಕಳ ಪಾಸ್‌ಪೋರ್ಟೇ ನೆನಪಾಗುತ್ತೆ ನೋಡಿ. ದುಡ್ಡು ಕೊಟ್ಟು ಕೊಂಡ್ಕೊಂಡಿದ್ದಲ್ಲ, ದೊಡ್ಡ ಝೂಗಳು ಈಗ ಯಾವ ಪ್ರಾಣಿ ಯಾರ ಸಂತಾನ ಅಂತ ವಂಶಾವಳಿ ಪುಸ್ತಕ ಇಟ್ಕೊಂಡು, ಒಂದೇ ರಕ್ತ ಬೆರೀಬಾರ್ದು ಅಂತ ಲೆಕ್ಕ ಹಾಕಿ ಒಂದರಿಂದ ಇನ್ನೊಂದಕ್ಕೆ ಕಳಿಸ್ತಾರೆ. ಕಾಡಲ್ಲೂ ಗಂಡಾನೆ ಪ್ರಾಯಕ್ಕೆ ಬರ್ತಿದ್ದ ಹಾಗೆ ತಾಯಿ ಹಿಂಡು ಬಿಟ್ಟು ಹೊರಡುತ್ತಲ್ಲ, ಹಾಗಾಗಿ ಒಟ್ಟಿಗೆ ಬೆಳೆದ ನಾಲ್ಕು ಹುಡುಗರನ್ನ ಒಟ್ಟಿಗೇ ಕಳಿಸಿದ್ದು ನನ್ನ ಕಣ್ಣಿಗೆ ಸರಿಯಾಗೇ ಇದೆ.

ಈಗ ನಿಮ್ಮ ಅಸಲಿ ದೂರು. ಎಲಿಫೆಂಟ್ ಟ್ರೆಕ್ ತೆರೆದಿದ್ದು 2025ರ ಜೂನಲ್ಲಿ, ಸುಮಾರು 5 ಕೋಟಿ ಡಾಲರ್ ಖರ್ಚು, ಜಾಗ ಸುಮಾರು 5 ಎಕರೆ, ಅಂದ್ರೆ ಅಲ್ಲಿನ ಆನೆಗಳಿಗೆ ಮುಂಚೆ ಇದ್ದಿದ್ದರ ಐದು ಪಟ್ಟು. ಮೈಸೂರು ಝೂ ಇರೋದು 157 ಎಕರೆ, ಸಿನ್ಸಿನಾಟಿ ಅದರ ಅರ್ಧದಷ್ಟು, ಅದೂ ಊರ ಮಧ್ಯೆ. ಅಷ್ಟು ಇಕ್ಕಟ್ಟಲ್ಲಿ ಒಂದೇ ಜಾತಿಗೆ ಐದು ಎಕರೆ ಬಿಟ್ಟುಕೊಡೋದು ಸಣ್ಣ ಮಾತಲ್ಲ. ಮತ್ತೆ ಆ ದುಡ್ಡು ನಿಮ್ಮ ಕಣ್ಣಿಗೆ ಬೀಳೋ ಜಾಗಕ್ಕಿಂತ ಬೀಳದ ಜಾಗಕ್ಕೇ ಜಾಸ್ತಿ ಹೋಗೋದು. ಸಾಕಿದ ಆನೆಗಳ ದೊಡ್ಡ ಶತ್ರು ಕಾಂಕ್ರೀಟ್ ನೆಲ, ಪಾದ ಒಡೆದು ಕೀವು ಆಗೋದು, ಕೀಲು ಸವೆಯೋದು ಅದರಿಂದಾನೇ, ಅದಕ್ಕೇ ಈಗ ಕೊಟ್ಟಿಗೆಯಲ್ಲಿ ದಪ್ಪ ಮರಳು ಹಾಕ್ತಾರೆ, ಹುಲ್ಲನ್ನ ಎತ್ತರದಲ್ಲಿ ಬಲೆಗೆ ಕಟ್ಟಿ ಸೊಂಡಿಲು ಚಾಚಿ ಕಿತ್ತು ತಿನ್ನೋ ಹಾಗೆ ಇಡ್ತಾರೆ, ಕೀಪರ್‌ಗಳು ಆನೆ ಪಕ್ಕ ಅಂಕುಶ ಹಿಡ್ಕೊಂಡು ನಿಲ್ಲದೆ ಸರಳುಗಳ ಆಚೆ ನಿಂತೇ ಕಾಲು ತೊಳೆದು ಉಗುರು ಕತ್ತರಿಸ್ತಾರೆ. ಆನೆಗೆ ಇಷ್ಟ ಇದ್ರೆ ಬಂದು ಕಾಲು ಕೊಡುತ್ತೆ, ಇಲ್ಲಾಂದ್ರೆ ಇಲ್ಲ. ಜನಕ್ಕೂ ಅದೇ ನಿಯಮ ಅಂತ ಇಟ್ಕೊಳ್ಳಿ. ಮುಖ ತೋರಿಸ್ಬೇಕಾ ಬೇಡ್ವಾ ಅನ್ನೋದನ್ನ ಪ್ರಾಣಿಗೇ ಬಿಟ್ಟಿರೋದೇ ಈ ಎಕ್ಸಿಬಿಟ್‌ಗಳಲ್ಲಿ ನಿಜವಾಗ್ಲೂ ಹೊಸದು. ನೀವು ಹೋದ ದಿನ ಅವು ಬೇಡ ಅಂದ್ವು, ಅಷ್ಟೇ.

ಇದು ನಿನ್ನೆ ಮೊನ್ನೆ ಹುಟ್ಟಿದ ಐಡಿಯಾ ಕೂಡ ಅಲ್ಲ. 1970ರ ದಶಕದಲ್ಲೇ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಝೂನವರು ಗೊರಿಲ್ಲಾಗಳನ್ನ ಟೈಲ್ಸ್ ಹಾಕಿದ ಕೋಣೆಯಿಂದ ಹೊರಗೆ ತಂದು ಗಿಡ ಮರ ಪೊದೆ ಇರೋ ಜಾಗಕ್ಕೆ ಬಿಟ್ಟಿದ್ರು, ಆಗಲೂ ಬಹಳ ಜನ ಮರ ಮುರಿದು ಹಾಕ್ತವೆ, ಬಿದ್ದು ಸಾಯ್ತವೆ ಅಂದಿದ್ರು. ಫಿಲಡೆಲ್ಫಿಯಾ ಝೂ 1874ರಲ್ಲಿ ತೆರೆದಿದ್ದು, ಅವರಿಗೆ ಜಾಗ ವಿಸ್ತರಿಸೋ ದಾರೀನೇ ಇಲ್ಲ, ಅದಕ್ಕೆ ಏನ್ ಮಾಡಿದ್ರು ಅಂದ್ರೆ ಒಂದು ಆವರಣದಿಂದ ಇನ್ನೊಂದಕ್ಕೆ ತಂತಿಬಲೆಯ ಸುರಂಗ ಕಟ್ಟಿದ್ರು, ಹುಲಿ ಸಿಂಹ ಜನರ ತಲೆ ಮೇಲೇ ನಡ್ಕೊಂಡು ಹೋಗ್ತವೆ. ಮೊಮ್ಮಕ್ಕಳಿಗೆ ಇದು ಖಂಡಿತ ಇಷ್ಟ ಆಗುತ್ತೆ. ಅಲ್ಲಿಗೆ ಹೋದ್ರೆ ಗ್ಯಾಲಪಗೋಸ್ ಆಮೆಗಳನ್ನ ಬಿಡಬೇಡಿ. ಮಮ್ಮಿ ಅನ್ನೋ ಹೆಣ್ಣಾಮೆ 1932ರಿಂದ ಅಲ್ಲೇ ಇದೆ, ವಯಸ್ಸು ನೂರರ ಆಸುಪಾಸು, 2025ರಲ್ಲಿ ಮೊದಲ ಸಲ ಅದಕ್ಕೆ ಮರಿಗಳಾದ್ವು, ನಾಲ್ಕು! ಆ ಝೂನ ಇತಿಹಾಸದಲ್ಲೇ ಆ ಜಾತಿ ಮೊದಲ ಸಲ ಮರಿ ಮಾಡಿದ್ದು.

ಆದ್ರೆ ಹೊಸದು ಅಂತ ಬೋರ್ಡ್ ಹಾಕಿದ್ದನ್ನೆಲ್ಲ ನಾನು ಹೊಗಳ್ತಿಲ್ಲ ಮೇಷ್ಟ್ರೇ. ಓಹಾಯೋದ ಚಳಿಗಾಲ ನೀವಿನ್ನೂ ನೋಡಿಲ್ಲ ಅನ್ಸುತ್ತೆ, ಹಿಮ ಬಿದ್ದ ದಿನಗಳಲ್ಲಿ ಆ ಐದು ಎಕರೆ ಖಾಲಿ ಹೊಡೀತಿರುತ್ತೆ, ಆನೆ ಒಳಗಿರುತ್ತೆ. ಇದನ್ನ ಎಷ್ಟು ಕೋಟಿ ಸುರಿದ್ರೂ ಪೂರ್ತಿ ಸರಿ ಮಾಡೋಕಾಗಲ್ಲ. ಅದಕ್ಕೇ ಆನೆ ವಿಷಯದಲ್ಲಿ ಅಮೆರಿಕದ ಝೂಗಳು ಎರಡು ದಾರಿ ಹಿಡಿದಿವೆ: ಒಂದೋ ಸಿನ್ಸಿನಾಟಿ ಥರ ದೊಡ್ಡದಾಗಿ ಮಾಡು, ಇಲ್ಲಾ ಕೈಬಿಡು. ಲಾಸ್ ಏಂಜಲೀಸ್ ಝೂ ಎರಡನೇ ದಾರಿ ಹಿಡೀತು, ಕೊನೆಗೆ ಉಳಿದಿದ್ದ ಬಿಲ್ಲಿ, ಟೀನಾ ಅನ್ನೋ ಎರಡು ಆನೆಗಳನ್ನ 2025ರ ಮೇನಲ್ಲಿ ಓಕ್ಲಹೋಮದ ಟಲ್ಸಾ ಝೂಗೆ ಕಳಿಸ್ತು, ಅಲ್ಲಿ ಹಿಂಡು ಇದೆ, ಜಾಗ ಇದೆ ಅಂತ. ಅಭಯಾರಣ್ಯಕ್ಕೆ ಕಳಿಸಿ ಅಂತ ಜನ ವರ್ಷಗಟ್ಟಲೆ ಗಲಾಟೆ ಮಾಡಿದ್ರು, ಕೋರ್ಟಿಗೂ ಹೋದ್ರು. ನನಗೆ ಆ ಗಲಾಟೆ ಅತಿ ಅನಿಸಲಿಲ್ಲ, ಆ ಒತ್ತಡ ಇಲ್ದಿದ್ರೆ ಎಲ್ಲೂ ಒಂದು ಎಕರೆನೂ ಜಾಸ್ತಿ ಆಗ್ತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲೇ ಸ್ಯಾನ್ ಡಿಯಾಗೋ ಸಫಾರಿ ಪಾರ್ಕ್‌ನವರು ಆಫ್ರಿಕಾದ ಆನೆಗಳಿಗೆ ಎಲಿಫೆಂಟ್ ವ್ಯಾಲಿ ಅಂತ ಮಾಡಿದ್ದಾರೆ, 2026ರ ದೊಡ್ಡ ಸುದ್ದಿ ಅದೇ. 2025ರ ಏಪ್ರಿಲ್‌ನಲ್ಲಿ ಭೂಕಂಪ ಆದಾಗ ಮರಿಗಳನ್ನ ಮಧ್ಯಕ್ಕೆ ಹಾಕ್ಕೊಂಡು ಸುತ್ತ ಕೋಟೆ ಥರ ನಿಂತ ಆನೆಗಳ ವಿಡಿಯೋ ನಿಮ್ಮ ವಾಟ್ಸಾಪಿಗೂ ಬಂದಿರಬೇಕಲ್ಲ, ಅವೇ ಇವು.

ಒಂದು ಮಾತು ನಡುವೆ. ಮರಿಯಾನೆಗಳನ್ನ ಒಂದೆರಡು ದಿನದಲ್ಲೇ ಕೊಲ್ಲೋ ಹರ್ಪಿಸ್ ವೈರಸ್ ಒಂದಿದೆ, ನಮ್ಮ ದಕ್ಷಿಣ ಭಾರತದ ಕಾಡುಗಳಲ್ಲೂ ಮರಿಗಳು ಅದರಿಂದ ಸತ್ತಿವೆ. ಅದಕ್ಕೆ ತಯಾರಾದ ಎಂಆರ್‌ಎನ್‌ಎ ಲಸಿಕೆಯನ್ನ ಮೊದಲ ಸಲ ಹಾಕಿದ್ದು ಹ್ಯೂಸ್ಟನ್ ಝೂನಲ್ಲಿ, 2024ರ ಜೂನ್‌ನಲ್ಲಿ, ಟೆಸ್ ಅನ್ನೋ ಏಷ್ಯಾ ಆನೆಗೆ. ಇಂಥದ್ದನ್ನ ಯಾವ ಝೂನೂ ಎಕ್ಸಿಬಿಟ್ ಅಂತ ಬೋರ್ಡ್ ಹಾಕಲ್ಲ, ಟಿಕೆಟ್ ದುಡ್ಡಿಗೆ ನನಗೆ ಸಿಗೋ ಸಮಾಧಾನ ಮಾತ್ರ ಇದೇ.

ಪಾಂಡಾ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಝೂಗೆ ಬಾವ್ ಲಿ, ಚಿಂಗ್ ಬಾವ್ ಬಂದಿದ್ದು 2024ರ ಅಕ್ಟೋಬರ್, ಜನ ನೋಡೋಕೆ ಬಿಟ್ಟಿದ್ದು 2025ರ ಜನವರಿ 24. ಸ್ಯಾನ್ ಡಿಯಾಗೋಗೆ ಯುನ್ ಚುವಾನ್, ಶಿನ್ ಬಾವ್ 2024ರಲ್ಲೇ ಬಂದ್ವು. ಹೊಸ ಪಾಂಡಾ ಹೊಸ ಪಾಂಡಾ ಅಂತ ಕುಣಿದಿದ್ದೇ ಕುಣಿದಿದ್ದು, ಆದ್ರೆ ಬಾವ್ ಲಿಯ ತಾಯಿ ಹುಟ್ಟಿದ್ದು 2013ರಲ್ಲಿ ಅದೇ ವಾಷಿಂಗ್ಟನ್ ಝೂನಲ್ಲಿ, ಯುನ್ ಚುವಾನ್ ತಾಯಿ ಹುಟ್ಟಿದ್ದು 2007ರಲ್ಲಿ ಅದೇ ಸ್ಯಾನ್ ಡಿಯಾಗೋದಲ್ಲಿ. ಅಜ್ಜಿ ಮನೆಗೆ ಬಂದಿದ್ದಾವೆ ಅಷ್ಟೇ. ಇವು ಯಾವೂ ಅಮೆರಿಕದ ಸ್ವತ್ತಲ್ಲ, ಚೀನಾದಿಂದ ಸಾಲ, ವಾಷಿಂಗ್ಟನ್ನಿನ ಒಪ್ಪಂದ ಹತ್ತು ವರ್ಷದ್ದು, ವರ್ಷಕ್ಕೆ 10 ಲಕ್ಷ ಡಾಲರ್, ಇಲ್ಲಿ ಹುಟ್ಟಿದ ಮರಿಯೂ ಚೀನಾದ್ದೇ. ದುಡ್ಡು ಚೀನಾದಲ್ಲಿ ಪಾಂಡಾ ಸಂರಕ್ಷಣೆಗೆ ಅಂತಾರೆ. ನನ್ನ ಕೇಳಿದ್ರೆ ಬರೀ ಪಾಂಡಾಗೋಸ್ಕರ ಅಷ್ಟು ದೂರ ಡ್ರೈವ್ ಮಾಡಿಸ್ಬೇಡಿ ಮಗಳ ಕೈಲಿ, ಅವು ಇರೋದೇ ತಿನ್ನೋದು, ಮಲಗೋದು. ಮ್ಯೂಸಿಯಂ ನೋಡೋಕೆ ಹೇಗೂ ಹೋಗ್ತೀರಿ ಅಂದ್ರೆ ಸೇರಿಸ್ಕೊಳ್ಳಿ, ಆ ಝೂಗೆ ಪ್ರವೇಶ ಫ್ರೀ, ಪಾರ್ಕಿಂಗಿಗೆ ಮಾತ್ರ ಕೀಳ್ತಾರೆ, ಮೆಟ್ರೋದಲ್ಲಿ ಹೋಗಿ.

ಸೇಂಟ್ ಲೂಯಿಸ್ ಝೂನೂ ಫ್ರೀ, 1916ರಿಂದ ಊರಿನ ಜನ ತೆರಿಗೆ ಕೊಟ್ಟು ನಡೆಸ್ತಿದ್ದಾರೆ. ಅವರದ್ದೇ 425 ಎಕರೆಯ ವೈಲ್ಡ್‌ಕೇರ್ ಪಾರ್ಕ್ 2027ಕ್ಕೆ ತೆರೆಯೋ ಪ್ಲಾನ್ ಇದೆ, ಮುಂದಿನ ಸಲ ಬಂದಾಗ ನೋಡೋದಕ್ಕೆ ನಾನು ಹೇಳೋದು ಅದನ್ನ.

ಸಿನ್ಸಿನಾಟಿಗೆ ಇನ್ನೊಂದ್ಸಲ ಹೋಗಿ, ಬಿಸಿಲೇರೋ ಮುಂಚೆ, ಗೇಟ್ ತೆಗೀತಿದ್ದ ಹಾಗೆ. ಕೀಪರ್ ಮಾತಾಡೋ ಟೈಮ್ ಬೋರ್ಡಲ್ಲಿ ಹಾಕಿರ್ತಾರೆ, ಆ ಹೊತ್ತಿಗೆ ಸಾಮಾನ್ಯವಾಗಿ ಪ್ರಾಣಿಗಳೂ ಹತ್ತಿರ ಬರ್ತವೆ, ಯಾಕಂದ್ರೆ ತಿಂಡಿ ಇರುತ್ತೆ. ಮತ್ತೆ ಅಲ್ಲೇ ಪ್ಯಾಸೆಂಜರ್ ಪಿಜನ್ ಸ್ಮಾರಕದ ಸಣ್ಣ ಕಟ್ಟಡ ಇದೆ, ಮಕ್ಕಳಿಗೆ ತೋರಿಸಿ. ಒಂದು ಕಾಲದಲ್ಲಿ ಕೋಟಿಗಟ್ಟಲೆ ಇದ್ದ ಆ ಪಾರಿವಾಳಗಳಲ್ಲಿ ಕೊನೇದು, ಮಾರ್ಥಾ, 1914ರ ಸೆಪ್ಟೆಂಬರ್ 1ಕ್ಕೆ ಸತ್ತಿದ್ದು ಆ ಝೂನಲ್ಲೇ. ನಾಲ್ಕು ವರ್ಷಕ್ಕೆ ಕ್ಯಾರೊಲಿನಾ ಗಿಳಿಯ ಕೊನೇದೂ ಅಲ್ಲೇ ಸತ್ತಿತು. ಮೇಷ್ಟ್ರು ನೀವು, ಆ ಪಾಠ ನಿಮಗಿಂತ ಚೆನ್ನಾಗಿ ನಾನೇನ್ ಹೇಳ್ಲಿ.

ಮೆಂಬರ್‌ಶಿಪ್ ತಗೋಬೇಕಾ ಅಂತ ಕೊನೇಲಿ ಕೇಳಿದ್ದೀರಿ. ಬೇಸಿಗೆಯಲ್ಲಿ ಎರಡು ಮೂರು ಸಲ ಹೋಗೋ ಹಾಗಿದ್ರೆ ಫ್ಯಾಮಿಲಿ ಮೆಂಬರ್‌ಶಿಪ್ಪೇ ಲಾಭ, ಜೊತೆಗೆ ಒಂದು ಝೂನ ಕಾರ್ಡ್ ತೋರಿಸಿದ್ರೆ ಬೇರೆ ಊರಿನ ಸುಮಾರು ಝೂಗಳಲ್ಲಿ ಅರ್ಧ ರೇಟು ಬಿಡ್ತಾರೆ. ಕಾರ್ಡಲ್ಲಿ ಅಜ್ಜ ಅಜ್ಜಿ ಹೆಸರು ಸೇರುತ್ತಾ ಅಂತ ಮಗಳಿಗೆ ಮೊದಲೇ ಕೇಳಿಸ್ಕೊಳ್ಳೋಕೆ ಹೇಳಿ.

– ಸಂ.