ಓದುಗರ ಪ್ರಶ್ನೆ: ಬೋರ್ಡಿಗೆ ಯಾರನ್ನು ಕರೆಯಬೇಕು?

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ನಾಲ್ಕನೇ ತರಗತಿಗೆ ಗಣಿತ ಕಲಿಸುತ್ತೇನೆ. ದಶಕ ಸಹಿತ ವ್ಯವಕಲನ ಶುರುವಾದರೆ ಏಳೆಂಟು ಮಕ್ಕಳು ‘ನಮಗೆ ಬರಲ್ಲ ಮಿಸ್’ ಎಂದು ಪೆನ್ಸಿಲ್ ಕೆಳಗಿಡುತ್ತಾರೆ. ‘ನಿನ್ನ ಕೈಲಿ ಆಗುತ್ತೆ’ ಎಂದು ಹುರಿದುಂಬಿಸಿದೆ. ತರಗತಿಯ ಜಾಣೆಯನ್ನು ಬೋರ್ಡಿಗೆ ಕರೆದು ಮಾಡಿಸಿ ತೋರಿಸಿದೆ. ಪ್ರಯೋಜನವಾಗಲಿಲ್ಲ. ತರಬೇತಿಯಲ್ಲಿ ಓದಿದ ಮನೋವಿಜ್ಞಾನಿ ಬಂಡೂರ ಅವರ ಸಿದ್ಧಾಂತ ಇಲ್ಲಿ ಕೆಲಸಕ್ಕೆ ಬರುತ್ತದೆಯೇ?
– ಒಬ್ಬ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಬರುತ್ತದೆ. ‘ಈ ಕೆಲಸ ನನ್ನಿಂದ ಆಗುತ್ತದೆ’ ಎಂಬ ಸ್ವಸಾಮರ್ಥ್ಯದ ನಂಬಿಕೆಗೆ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲ ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ಇತರರ ಭರವಸೆಯ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಬರೀ ಮಾತಿನಿಂದ ಬಂದ ಧೈರ್ಯ ಮುಂದಿನ ತಪ್ಪು ಉತ್ತರಕ್ಕೇ ಕರಗಿಹೋಗುತ್ತದೆ.

ಇನ್ನು ಜಾಣೆಯ ವಿಷಯ. ‘ತನ್ನಂಥವರು’ ಎನ್ನುವುದೇ ಇಲ್ಲಿ ಮುಖ್ಯ. ಅವಳು ಸರಸರ ಮಾಡಿ ಕೂತರೆ ಹಿಂದಿನ ಬೆಂಚಿನ ಹುಡುಗ ‘ಅವಳಿಗೆ ಬರುತ್ತೆ ಬಿಡು’ ಅಂದುಕೊಳ್ಳುತ್ತಾನೆ. ಶಿಕ್ಷಣ ಮನೋವಿಜ್ಞಾನಿ ಡೇಲ್ ಶಂಕ್ ಮತ್ತು ಸಹೋದ್ಯೋಗಿಗಳು 1987ರಲ್ಲಿ, ಭಿನ್ನರಾಶಿ ಲೆಕ್ಕಕ್ಕೆ ತಡವರಿಸುವ ಮಕ್ಕಳೊಂದಿಗೆ ಇದನ್ನು ಪರೀಕ್ಷಿಸಿದರು. ಮೊದಲು ಎಡವಿ ಆಮೇಲೆ ಸರಿಪಡಿಸಿಕೊಳ್ಳುವ ಸಹಪಾಠಿಯನ್ನು ಕಂಡವರಿಗೆ, ಒಮ್ಮೆಗೇ ಸರಿ ಮಾಡುವವನನ್ನು ಕಂಡವರಿಗಿಂತ ನಂಬಿಕೆಯೂ ಕೌಶಲವೂ ಹೆಚ್ಚಾಗಿ ಬಂದವು. ಇನ್ನೊಂದು ಉಪಯುಕ್ತ ಅಂಶವೂ ಹೊರಬಂತು: ಸರಿ ಮಾಡುವ ಮಕ್ಕಳೇ ಆದರೂ ಒಬ್ಬರ ಬದಲು ಹಲವರನ್ನು ತೋರಿಸಿದರೆ ಫಲ ಸಿಗುತ್ತದೆ. ಹಲವರಲ್ಲಿ ಒಬ್ಬರಾದರೂ ತನ್ನ ಹಾಗೆ ಕಾಣುತ್ತಾರಲ್ಲ!

ಆದ್ದರಿಂದ ಕಳೆದ ವಾರವಷ್ಟೇ ಈ ಲೆಕ್ಕ ಹಿಡಿತಕ್ಕೆ ಬಂದ ಮಗುವನ್ನು ಕರೆಯಿರಿ. ಹಿಂದಿನ ದಿನವೇ ಕೇಳಿ ಒಪ್ಪಿಸಿ. ಒಲ್ಲೆ ಅಂದರೆ ಬಿಡಿ. 402ರಲ್ಲಿ 157 ಕಳೆಯುವುದನ್ನು ತೆಗೆದುಕೊಳ್ಳಿ. ಮಗು ಕೈಯಿಂದ ಬರೆಯುತ್ತಾ ಬಾಯಿಂದಲೂ ಹೇಳಬೇಕು: ‘ಏಳರಲ್ಲಿ ಎರಡು ಹೋದರೆ ಐದು… ಅಲ್ಲ, ಮೇಲಿರೋದು ಎರಡು. ಎರಡರಲ್ಲಿ ಏಳು ಹೋಗಲ್ಲ. ಪಕ್ಕದಲ್ಲಿ ಸೊನ್ನೆ, ಅಲ್ಲಿ ಏನೂ ಸಿಗಲ್ಲ. ನೂರರ ಮನೆಗೆ ಹೋಗ್ತೀನಿ. ನಾಲ್ಕು ಮೂರಾಯ್ತು, ಸೊನ್ನೆ ಇದ್ದಲ್ಲಿ ಹತ್ತು ಬಂತು. ಅದರಲ್ಲಿ ಒಂದು ಬಿಡಿಗೆ ಕೊಟ್ಟೆ, ಒಂಬತ್ತು ಉಳೀತು. ಬಿಡಿಯಲ್ಲಿ ಈಗ ಹನ್ನೆರಡು.’ ಉತ್ತರ 245. ಕೊನೆಗೆ 245ಕ್ಕೆ 157 ಕೂಡಿಸಿ 402 ಬಂತೆಂದು ತಾಳೆ ನೋಡಲಿ.

ಎಡವುವುದು ಅರೆಕ್ಷಣ ಮಾತ್ರ ಇರಲಿ. ತಪ್ಪು ಅಂಕಿಯನ್ನು ಕೂಡಲೇ ಅಳಿಸಿ, ಸರಿಯಾದ ಹಂತಗಳು ಪಾಠ ಮುಗಿಯುವವರೆಗೆ ಬೋರ್ಡಿನಲ್ಲೇ ಇರಲಿ. ಇಲ್ಲದಿದ್ದರೆ ಮಕ್ಕಳ ನೆನಪಿನಲ್ಲಿ ತಪ್ಪೇ ಕೂರುತ್ತದೆ. ಗಮನ, ನೆನಪು, ಮಾಡಿ ನೋಡುವುದು, ಪ್ರೇರಣೆ ಎಂದು ನೋಡಿ ಕಲಿಯುವುದಕ್ಕೆ ಬಂಡೂರ ಹೇಳುವ ನಾಲ್ಕು ಹಂತಗಳಲ್ಲಿ ನಮ್ಮ ತರಗತಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಮೂರನೆಯದು. ನೋಡಿದ ಐದು ನಿಮಿಷದೊಳಗೆ ಅದೇ ಬಗೆಯ ಎರಡು ಲೆಕ್ಕ ಪ್ರತಿ ಮಗುವಿನ ಕೈಯಿಂದ ಆಗಲೇಬೇಕು.

ಅಭ್ಯಾಸವನ್ನು ಸಣ್ಣ ಸಣ್ಣದಾಗಿ ಕೊಡಿ. 1981ರಲ್ಲಿ ಬಂಡೂರ ಮತ್ತು ಶಂಕ್, ವ್ಯವಕಲನಕ್ಕೆ ತಿಣುಕುವ ಮಕ್ಕಳಿಗೆ 7 ಅವಧಿಗಳಲ್ಲಿ 42 ಪುಟ ಕೊಟ್ಟರು. ‘ಪ್ರತಿ ಅವಧಿಗೆ 6 ಪುಟ’ ಎಂಬ ಗುರಿ ಸಿಕ್ಕವರು ಮುಂದೆ ಬಂದರು. ‘ಕೊನೆಯೊಳಗೆ 42 ಪುಟ’ ಎಂದಷ್ಟೇ ಕೇಳಿದವರಿಗೂ ಗುರಿಯೇ ಇಲ್ಲದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಿಮ್ಮಲ್ಲಿ ದಿನಕ್ಕೆ 4 ಲೆಕ್ಕ ಸಾಕು: ಮೊದಲೆರಡು ಸೊನ್ನೆ ಇಲ್ಲದವು, ಆಮೇಲೆ ಸೊನ್ನೆ ಇರುವವು.

ಒಂದು ಎಚ್ಚರಿಕೆ. ಲೆಕ್ಕ ತೋರಿಸಿ, ಬಿಡಿಸುವ ಮೊದಲೇ ‘ಇದು ನಿನ್ನಿಂದ ಆಗುತ್ತೆ ಅಂತ 0ಯಿಂದ 10ರಲ್ಲಿ ಎಷ್ಟು ಖಾತ್ರಿ?’ ಎಂದು ಕೇಳಿ ಬರೆದಿಡಿ. ‘ಗಣಿತ ಬರುತ್ತಾ?’ ಎಂದು ಒಟ್ಟಾರೆ ಕೇಳಬೇಡಿ. ಕೆಲವು ಮಕ್ಕಳು 10 ಅನ್ನುತ್ತಾರೆ, 402ರಲ್ಲಿ 157 ಕಳೆದು 355 ಎಂದು ಬರೆಯುತ್ತಾರೆ. ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿರುತ್ತಾರೆ. ಎಲ್ಲೂ ತಡೆಯಾಗದ್ದರಿಂದ ಅನುಮಾನವೇ ಹುಟ್ಟುವುದಿಲ್ಲ. ಇವರಿಗೆ ಧೈರ್ಯ ತುಂಬಿದರೆ ತಪ್ಪು ಇನ್ನಷ್ಟು ಬೇರೂರುತ್ತದೆ. ಇವರಿಗೆ ಬೇಕಾದದ್ದು ಕೂಡಿಸಿ ತಾಳೆ ನೋಡುವ ಅಭ್ಯಾಸ.

ಪ್ರಶ್ನೆ: ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಓದುತ್ತಿದ್ದೇನೆ. ಬೋಬೋ ಗೊಂಬೆಯ ಪ್ರಯೋಗಕ್ಕೂ ತರಗತಿಗೂ ಏನು ಸಂಬಂಧ?
– ಒಬ್ಬ ಅಭ್ಯರ್ಥಿ, ಕಲಬುರಗಿ

ಉತ್ತರ: ಬಂಡೂರ ಮತ್ತು ಸಹೋದ್ಯೋಗಿಗಳು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದ 72 ಮಕ್ಕಳೊಂದಿಗೆ ನಡೆಸಿದ 1961ರ ಪ್ರಯೋಗವನ್ನು ಎಲ್ಲರೂ ಓದುತ್ತಾರೆ: ದೊಡ್ಡವರು ಗೊಂಬೆಗೆ ಹೊಡೆದದ್ದನ್ನು ಕಂಡ ಮಕ್ಕಳು ತಾವೂ ಹೊಡೆದರು. ಶಿಕ್ಷಕರಾಗುವವರಿಗೆ 1965ರದ್ದು ಇನ್ನೂ ಮುಖ್ಯ. ಹೊಡೆದವನಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ ‘ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ’ ಎಂದಾಗ ಆ ಅಂತರ ಮಾಯವಾಯಿತು. ಅಂದರೆ ಕಲಿತದ್ದೆಲ್ಲ ನಡೆಯಲ್ಲಿ ಕಾಣುವುದಿಲ್ಲ. ಕೈ ಎತ್ತದ ಮಗುವಿಗೆ ಬಂದಿಲ್ಲ ಎಂದು ತೀರ್ಮಾನಿಸುವ ಮೊದಲು ಸ್ಲೇಟಿನಲ್ಲಿ ಬರೆದು ತೋರಿಸಲು ಹೇಳಿ.

ಪ್ರಶ್ನೆ: ಮಗಳನ್ನು ಹೊಗಳುವುದೇ ತಪ್ಪೇ? ‘ಜಾಣೆ’ ಅನ್ನಬಾರದು ಅನ್ನುತ್ತಾರೆ.
– ಒಬ್ಬ ತಂದೆ, ಮೈಸೂರು

ಉತ್ತರ: ಹೊಗಳಿ, ಆದರೆ ಆಗಿಹೋದ ಕೆಲಸಕ್ಕೆ ಅಂಟಿಸಿ ಹೊಗಳಿ. ಶಂಕ್ ಅವರ 1982ರ ಅಧ್ಯಯನದಲ್ಲಿ ‘ಚೆನ್ನಾಗಿ ಕಷ್ಟಪಟ್ಟು ಮಾಡುತ್ತಿದ್ದೀಯ’ ಎಂದು ಕೇಳಿದ ಮಕ್ಕಳು, ‘ಇನ್ನು ಕಷ್ಟಪಡಬೇಕು’ ಎಂದು ಕೇಳಿದವರಿಗಿಂತ ಮುಂದೆ ಹೋದರು. ಮನೆಯಲ್ಲಿ ನಮ್ಮ ಬಾಯಿಗೆ ಬೇಗ ಬರುವುದು ಎರಡನೆಯ ಮಾತೇ. ಮಗಳ ನೋಟ್‌ಬುಕ್ ತೆರೆದು, ‘ಹೋದ ವಾರ ಸೊನ್ನೆ ಬಂದಲ್ಲೆಲ್ಲ ತಪ್ಪುತ್ತಿತ್ತು, ಇವತ್ತು ನಾಲ್ಕರಲ್ಲಿ ಮೂರು ಸರಿ. ತಾಳೆ ನೋಡಿದ್ದರಿಂದ ಆಯ್ತು’ ಎಂದು ಪುಟ ತೋರಿಸಿ ಹೇಳಿ. ತೀರಾ ಸುಲಭದ ಲೆಕ್ಕಕ್ಕೆ ಮಾತ್ರ ಹೀಗೆ ಹೊಗಳಬೇಡಿ. ‘ಇಷ್ಟಕ್ಕೂ ನಾನು ಕಷ್ಟಪಡಬೇಕಾ?’ ಎಂಬ ಅನುಮಾನ ಅವಳಲ್ಲಿ ಹುಟ್ಟುತ್ತದೆ.