ಓದುಗರ ಪ್ರಶ್ನೆ: ಸೊಸೆಯ ಹಕ್ಕು, ಮೊಮ್ಮಗನ ರಾಜ್ಯ

ಪ್ರಶ್ನೆ: ಮಧ್ಯಯುಗದ ರಾಜವಂಶವೊಂದನ್ನು ತಲೆಮಾರುಗಳ ಕಾಲ ನಡೆಸುವ ‘ಕ್ರುಸೇಡರ್ ಕಿಂಗ್ಸ್ 3’ ಕಂಪ್ಯೂಟರ್ ಆಟದಲ್ಲಿ ನಾನು ಡ್ಯೂಕ್, ಅಂದರೆ ರಾಜನಿಗಿಂತ ಕೆಳದರ್ಜೆಯ ಒಡೆಯ. ನೆರೆಯ ಡಚಿಯ (ಡ್ಯೂಕ್ ಆಳುವ ನಾಡಿನ) ಮೇಲೆ ಹಕ್ಕಿರುವ ಕನ್ಯೆಯನ್ನು ಮಗನಿಗೆ ತಂದುಕೊಂಡು, ಅವಳ ಪರವಾಗಿ ಯುದ್ಧ ಗೆದ್ದೆ. ಆದರೂ ಆ ಡಚಿ ನನ್ನದಾಗಲಿಲ್ಲ, ಏಕೆ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ನೀವು ಗೆದ್ದುಕೊಟ್ಟದ್ದು ಸೊಸೆಯ ಹಕ್ಕನ್ನು, ಆದ್ದರಿಂದ ಪಟ್ಟ ಅವಳಿಗೇ ಸಂದಿತು. ಈಗ ಅವಳೂ ನಿಮ್ಮಷ್ಟೇ ದರ್ಜೆಯವಳು; ಸಮಾನ ದರ್ಜೆಯವರು ಒಬ್ಬರಿಗೊಬ್ಬರು ಸಾಮಂತರಾಗಲಾರರು. ನೀವು ರಾಜಪದವಿಯಲ್ಲಿದ್ದಿದ್ದರೆ ಮಾತು ಬೇರೆ. ಹಾಗೆಂದು ನಿಮ್ಮ ಶ್ರಮ ವ್ಯರ್ಥವಾಗಿಲ್ಲ. ತಂದೆಯಿಂದ ನಿಮ್ಮ ನಾಡನ್ನೂ ತಾಯಿಯಿಂದ ಅವಳ ನಾಡನ್ನೂ ಪಡೆಯಬೇಕಾದವನು ನಿಮ್ಮ ಮೊಮ್ಮಗ. 1137ರಲ್ಲಿ ಇಂದಿನ ಸ್ಪೇನಿನಲ್ಲಿರುವ ಅರಗಾನ್ ರಾಜ್ಯದ ಎಳೆಯ ಉತ್ತರಾಧಿಕಾರಿಣಿ ಪೆಟ್ರೊನಿಲಾಳನ್ನು ನೆರೆಯ ಬಾರ್ಸಿಲೋನಾದ ಒಡೆಯ ಕೌಂಟ್ ರಾಮೋನ್ ಬೆರೆಂಗೇರನಿಗೆ ನಿಶ್ಚಯಿಸಿದಾಗ ನಡೆದದ್ದೂ ಇದೇ: ಎರಡೂ ನಾಡುಗಳು ಒಂದೇ ಕೈ ಸೇರಿದ್ದು ಅವರ ಮಗ ಅಲ್ಫೋನ್ಸೊನ ಕಾಲಕ್ಕೆ. ಈ ತಾಳ್ಮೆಯೇ ಈ ಆಟದ ನಿಜವಾದ ಸೊಗಸು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮದುವೆ ಮಾತೃವಂಶೀಯ ಕ್ರಮದಲ್ಲಿ ಆಗಿದ್ದರೆ ಮಕ್ಕಳು ಸೊಸೆಯ ತವರಿನ ವಂಶಕ್ಕೆ ಸೇರುತ್ತಾರೆ. ಪ್ರಸ್ತಾಪ ಕಳುಹಿಸುವ ಮೊದಲೇ ಅದನ್ನು ನೋಡಿಕೊಳ್ಳಬೇಕಿತ್ತು. ಇನ್ನೊಂದು, ಪಟ್ಟಗಳನ್ನು ವಾರಸುದಾರರಲ್ಲಿ ಪಾಲು ಮಾಡುವ ಉತ್ತರಾಧಿಕಾರದ ನಿಯಮ ಇರುವವರೆಗೆ ಇಬ್ಬರು ಮೊಮ್ಮಕ್ಕಳಿದ್ದರೆ ಎರಡು ಡಚಿಗಳೂ ಹಂಚಿಹೋಗುವ ಭಯವಿದೆ. ನಾನೊಮ್ಮೆ ಮೂರು ತಲೆಮಾರು ಕೂಡಿಸಿದ್ದ ನಾಡು ಹೀಗೆಯೇ ಅಣ್ಣತಮ್ಮಂದಿರ ನಡುವೆ ಒಡೆದುಹೋಗಿ, ಆ ರಾತ್ರಿ ನಿಜಕ್ಕೂ ಸಂಕಟಪಟ್ಟಿದ್ದೆ. ಆದ್ದರಿಂದ ಈಗಲೇ ಉತ್ತರಾಧಿಕಾರದ ಪುಟ ತೆರೆದು, ಯಾವ ಪಟ್ಟ ಯಾರ ಪಾಲಿಗೆ ಬರಲಿದೆ ಎಂಬುದನ್ನು ಪರಿಶೀಲಿಸಿ.